ಮೊಟ್ಟೆಯ ಹೊತ್ತು ಹಿಡಿದದ್ದು ಹೇಗೆ: ನನ್ನ ಅನುಭವ

ಬೆಳಗಿನ ಜಾವ 4ಕ್ಕೆ ದೀಪ ಹೊತ್ತಿಸಿದರೆ ಹತ್ತೂವರೆಯೊಳಗೆ ಹೆಚ್ಚುಕಮ್ಮಿ ಎಲ್ಲ ಮೊಟ್ಟೆಯೂ ಟ್ರೇ ಸೇರುತ್ತದೆ ಎಂದಾಗ ಕೋಳಿ ಸಾಕುವವರೇ ನಂಬಲಿಲ್ಲ. ಈಗ ನನ್ನ ಶೆಡ್ಡಿನಲ್ಲಿ ನೂರರಲ್ಲಿ ಎಂಬತ್ತು ಮೊಟ್ಟೆ ಆ ಹೊತ್ತಿಗೇ ಕೈಗೆ ಸಿಗುತ್ತಿವೆ. ಹಿಂದೆ ಮಧ್ಯಾಹ್ನ ಮೂರರವರೆಗೂ ಬುಟ್ಟಿ ಹಿಡಿದು ಸುತ್ತಬೇಕಿತ್ತು.

ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಬಿಳಿ ಲೋಳೆಗೆ ಮೂರು ಗಂಟೆ, ಪೊರೆಗೆ ಒಂದು ಗಂಟೆ ಚಿಲ್ಲರೆ. ಮೊಟ್ಟೆ ಇಟ್ಟ ಅರ್ಧ ಮುಕ್ಕಾಲು ಗಂಟೆಗೆ ಮುಂದಿನ ಹಳದಿ ಬಿಡುಗಡೆಯಾಗುತ್ತದೆ. ನಮ್ಮ ಲಾಭ ನಷ್ಟ ನಿಂತಿರುವುದು ಆ ಎರಡು ಗಂಟೆಯ ವ್ಯತ್ಯಾಸದ ಮೇಲೆ. 26 ಗಂಟೆಯ ಹೇಂಟೆ ಇವತ್ತು ಆರಕ್ಕೆ ಇಟ್ಟರೆ ನಾಳೆ ಎಂಟಕ್ಕೆ, ನಾಡಿದ್ದು ಹತ್ತಕ್ಕೆ, ಆಚೆ ನಾಡಿದ್ದು ಹನ್ನೆರಡಕ್ಕೆ ಇಡುತ್ತದೆ. ಅಲ್ಲಿಗೆ ಸರಣಿ ಮುಗಿದು ಒಂದು ದಿನ ಖಾಲಿ. ದಿನಕ್ಕೆ ಕಾಲು ಗಂಟೆ ಮಾತ್ರ ಜಾರುವ ಹೇಂಟೆ ಮೂರು ವಾರ ಬಿಡದೆ ಇಡುತ್ತದೆ. ಎರಡೂ ತಿನ್ನುವುದು ದಿನಕ್ಕೆ 110-120 ಗ್ರಾಂ ಮೇವನ್ನೇ. ಖರ್ಚಿನ ಮೂರರಲ್ಲಿ ಎರಡು ಪಾಲು ಮೇವಿಗೇ ಹೋಗುವಾಗ ಈ ಲೆಕ್ಕ ಬಿಟ್ಟರೆ ಉಳಿಯುವುದೇನು?

ಯಾವ ಹೇಂಟೆ ಯಾವ ಬಗೆಯದು ಎಂದು ತಿಳಿಯಲು ಸುಮಾರು ನಲವತ್ತಕ್ಕೆ ನಂಬರಿನ ಕಾಲುಂಗುರ ಹಾಕಿ, ಹೊಕ್ಕ ಕೂಡಲೇ ಬಾಗಿಲು ತಾನಾಗಿ ಬೀಳುವ ಗೂಡುಪೆಟ್ಟಿಗೆ ಇಟ್ಟೆ. ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರ, ನಾಲ್ಕು ಹೇಂಟೆಗೆ ಒಂದು ಪೆಟ್ಟಿಗೆ. ಅರ್ಧ ಗಂಟೆಗೊಮ್ಮೆ ನೋಡಿ ಹೊರಬಿಡಬೇಕು. ಸೆಖೆಯಲ್ಲಿ ಮರೆತರೆ ಒಳಗಿನ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಮೂರು ವಾರ ಬರೆದಿಟ್ಟ ಪುಸ್ತಕ ಸಾಕು. ಸರಣಿಯ ಮೊದಲ ದಿನ ಮತ್ತು ಕೊನೆಯ ದಿನ ಜಾರುವುದು ಹೆಚ್ಚು, ನಡುವಿನ ದಿನಗಳನ್ನೇ ನಂಬಿ.

ಬೆಳಕಿನ ವಿಷಯದಲ್ಲಿ ಅತಿ ಹೆಚ್ಚು ದುಡ್ಡು ಹೋಯಿತು. ಹದಿನಾಲ್ಕು ವಾರದ ಮರಿಗಳಿಗೇ ದೀಪದ ಹೊತ್ತು ಏರಿಸಿದ್ದರಿಂದ ಅವು ಬೇಗ ಮೊಟ್ಟೆಗೆ ಬಂದವು, ನಿಜ. ಮೊಟ್ಟೆ ಗೋಲಿಯಷ್ಟು. ಮೈ ಬಲಿಯದ ಕಾರಣ ಮೊಟ್ಟೆದಾರಿ ಹಿಂಭಾಗದಿಂದ ಹೊರಬಂದು, ಉಳಿದವು ಅದನ್ನು ಕುಕ್ಕಿ ಹತ್ತಕ್ಕೂ ಹೆಚ್ಚು ಸತ್ತವು. ಈಗ ಮೊದಲು ತೂಕ ನೋಡುತ್ತೇನೆ, ಆಮೇಲೆ ವಯಸ್ಸು. ಹಗುರ ತಳಿ 18-20 ವಾರಕ್ಕೆ ಶುರುಮಾಡುತ್ತದೆ, ದೊಡ್ಡ ಮೈಯ ತಳಿಗೆ 24-28 ವಾರ ಬೇಕು. ಅವಸರ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮೈ ತುಂಬಿದ ಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಬೆಳಕು ಏರಿಸಿ, ದಿನಕ್ಕೆ 15 ಗಂಟೆ ಆದಾಗ ನಿಲ್ಲಿಸುತ್ತೇನೆ. ಮೊಟ್ಟೆ ಇಡುವ ಕಾಲದಲ್ಲಿ ಬೆಳಕು ಇಳಿಸಲೇಬಾರದು. ಒಮ್ಮೆ ಟೈಮರ್ ಕೆಟ್ಟು ವಾರದ ಮೇಲೆ ದೀಪ ಹತ್ತಲಿಲ್ಲ. ಅರ್ಧ ಹಿಂಡು ಗರಿ ಉದುರಿಸಿ ಎರಡು ತಿಂಗಳು ಬಿಟ್ಟಿ ಮೇವು ತಿಂದಿತು. ಬ್ಯಾಟರಿ ಇರುವ ಟೈಮರನ್ನೇ ಹಾಕಿ.

ಹೆಚ್ಚುವರಿ ಬೆಳಕನ್ನು ಸಂಜೆಗೆ ಸೇರಿಸುವವರಿಗೆ ಒಂದು ಮಾತು. ದೀಪ ತಟ್ಟನೆ ಆರಿದಾಗ ಕೋಳಿಗಳಿಗೆ ಅಡ್ಡಗೋಲು ಕಾಣದೆ ನೆಲದಲ್ಲೇ ಉಳಿದುಬಿಡುತ್ತವೆ. ಬೆಳಗ್ಗೆ ಸೇರಿಸಿದರೆ ಸಂಜೆಯನ್ನು ಸೂರ್ಯನೇ ನಿಧಾನವಾಗಿ ಮುಗಿಸುತ್ತಾನೆ. ಜೊತೆಗೆ ಕತ್ತಲು ಬೇಗ ಬರುವುದರಿಂದ ಇಡೀ ಹಿಂಡು ಮೊಟ್ಟೆ ಇಡುವ ಹೊತ್ತೂ ಬೇಗವಾಗುತ್ತದೆ. ನನ್ನ ಹತ್ತೂವರೆಯ ಹಿಂದಿರುವುದು ಇದೇ.

ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಆಗ ಕೋಳಿ ತಿನ್ನುವುದಿಲ್ಲ. ಪುಡಿ ಸುಣ್ಣಕಲ್ಲು ಬೇಗ ಹೊಟ್ಟೆಯಿಂದ ಹೋಗಿಬಿಡುತ್ತದೆ. ಕಪ್ಪೆಚಿಪ್ಪಿನ ದಪ್ಪ ಹರಳಾದರೆ ಮೇವು ಅರೆಯುವ ಕಲ್ಲುಹೊಟ್ಟೆಯಲ್ಲಿ ಕೂತು ರಾತ್ರಿಯೆಲ್ಲ ಕರಗುತ್ತಿರುತ್ತದೆ. ಒಂದು ಮೊಟ್ಟೆಗೆ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಅದಕ್ಕೇ ಕತ್ತಲಾಗುವ ಎರಡು ಮೂರು ಗಂಟೆ ಮೊದಲು ಬೇರೆ ತಟ್ಟೆಯಲ್ಲಿ ಹರಳು ಇಡುತ್ತೇನೆ. ಅದರೊಂದಿಗೆ ಬೆರೆಸುವ ಇನ್ನೊಂದು ಪದಾರ್ಥವಿದೆ, ಅದು ನನ್ನ ಬಳಿಯೇ ಇರಲಿ. ಗಟ್ಟಿ ಚಿಪ್ಪು ಕಟ್ಟದ ತೋಲು ಮೊಟ್ಟೆ ವಾರಕ್ಕೆ ಹದಿನೈದು ಬರುತ್ತಿದ್ದದ್ದು ಈಗ ಒಂದೋ ಎರಡೋ.

ಪೆಟ್ಟಿಗೆಯೊಳಗೆ ಕೂರುವ ಹೊತ್ತು ಬೇರೆ ಲೆಕ್ಕ. ಕೆಲವು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತವೆ, ಹೊಸದಾಗಿ ಇಡುವವು ಎರಡು ಗಂಟೆ ಎದ್ದು ಕೂತು ಹುಲ್ಲು ಕೆದರುತ್ತವೆ. ಆಗ ಗದ್ದಲವಾದರೆ ಕೋಳಿ ಮೊಟ್ಟೆಯನ್ನು ತಡೆಹಿಡಿಯುತ್ತದೆ. ಗುರುತು ಚಿಪ್ಪಿನ ಮೇಲೇ ಸಿಗುತ್ತದೆ: ಕಂದು ಮೊಟ್ಟೆಗೆ ಸುಣ್ಣ ಬಳಿದಂತೆ ಬಿಳಿ ಧೂಳು. ಅಂಥದ್ದು ಹೆಚ್ಚಿದರೆ ಮೇವು ಬದಲಿಸಬೇಡಿ, ಬೆಳಗಿನ ಶೆಡ್ಡಿನಲ್ಲಿ ಓಡಾಟ ಕಮ್ಮಿ ಮಾಡಿ.

ಸಂಜೆ ಹೇಂಟೆಯನ್ನು ಕಂಕುಳಲ್ಲಿ ಹಿಡಿದು, ಹಿಂಭಾಗದ ಎರಡು ಮೂಳೆಗಳ ನಡುವೆ ಬೆರಳಿಡಿ. ಎರಡು ಮೂರು ಬೆರಳು ಹಿಡಿಸಿದರೆ ಇಡುತ್ತಿದೆ, ಒಂದೇ ಬೆರಳಾದರೆ ನಿಂತಿದೆ. ರಾತ್ರಿ ಕಳೆದು ಬೆಳಗಿನ ಜಾವ ಹೊಟ್ಟೆಯನ್ನು ಮೆತ್ತಗೆ ಒತ್ತಿ ನೋಡಿದರೆ ಒಳಗೆ ಗಟ್ಟಿ ಮೊಟ್ಟೆ ಕೈಗೆ ತಾಗುತ್ತದೆ. ಅದು ಎಷ್ಟು ಕೆಳಗಿದ್ದರೆ ಎಷ್ಟು ಗಂಟೆಗೆ ಬರುತ್ತದೆ ಅನ್ನುವುದು ಕೈಗೇ ರೂಢಿಯಾಗಬೇಕು. ಒರಟಾಗಿ ಒತ್ತಿದರೆ ಒಳಗೇ ಒಡೆದು ಕೋಳಿ ಹೋಗುತ್ತದೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎಂಟು ಹೇಂಟೆಗಳನ್ನು ಹೊರಬೆಳಕು ಬಾರದ ಕೋಣೆಯಲ್ಲಿಟ್ಟು, ಟೈಮರಿನಿಂದ ದೀಪ ಹೊತ್ತಿಸಿ ಆರಿಸಿ 28 ಗಂಟೆಯ ದಿನ ಕೊಟ್ಟೆ. ಚಿಪ್ಪು ದಪ್ಪವಾಯಿತು, ಮೊಟ್ಟೆ ದೊಡ್ಡದಾಯಿತು. ಆದರೆ ವಾರಕ್ಕೆ ಅವುಗಳ ದಿನಗಳೇ ಆರು, ಆರಕ್ಕಿಂತ ಹೆಚ್ಚು ಮೊಟ್ಟೆ ಎಲ್ಲಿಂದ ಬರಬೇಕು? ಮೇವು ಹಾಕುವ ಹೊತ್ತೂ ದಿನಕ್ಕೆ ನಾಲ್ಕು ಗಂಟೆ ಜಾರಿ ನಡುರಾತ್ರಿಗೆ ಬರುತ್ತಿತ್ತು. ಮುದಿ ಹೇಂಟೆಗಳ ತೆಳು ಚಿಪ್ಪಿಗೆ ಇದನ್ನು ಮತ್ತೆ ಮಾಡಿ ನೋಡಬೇಕೆಂದಿದ್ದೇನೆ.

ಮೊಟ್ಟೆಯ ಸಂಖ್ಯೆ ತಟ್ಟನೆ ಇಳಿದರೆ ಮೊದಲು ನೀರಿನ ಪೈಪು ನೋಡಿ. ಕೋಳಿ ಮೇವಿನ ಎರಡರಷ್ಟು ನೀರು ಕುಡಿಯುತ್ತದೆ, ಸೆಖೆಯಲ್ಲಿ ಇನ್ನೂ ಹೆಚ್ಚು. ಕೋಳಿ ನೀರು ಕುಡಿಯುವ ಒಂದು ನಿಪ್ಪಲ್ ಸಾಲು ಕಟ್ಟಿಕೊಂಡು ಒಂದು ಹಗಲು ನೀರಿಲ್ಲದೆ ಹೋದದ್ದಕ್ಕೆ ಆ ಸಾಲಿನ ಕೋಳಿಗಳು ಸರಿಯಾಗಲು ಹತ್ತಿರ ಮೂರು ವಾರ ಹಿಡಿಯಿತು.