ಎರಡನೇ ಕುರ್ಚಿಯ ಕೆಲಸ: ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಸಹಾಯಕ ತರಬೇತುದಾರರಾಗುವ ದಾರಿ

‘ಸಹಾಯಕ ಬಾಸ್ಕೆಟ್‌ಬಾಲ್ ತರಬೇತುದಾರರು ಬೇಕಾಗಿದ್ದಾರೆ’ ಎಂಬ ಜಾಹೀರಾತಿಗೆ ಕಾಸರಗೋಡಿನಲ್ಲಿ ಕಾದು ಕುಳಿತರೆ ಕುಳಿತೇ ಇರಬೇಕಾದೀತು. ನಮ್ಮ ಕಡೆಯ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣಕ್ಕೆ ಹೆಚ್ಚಾಗಿ ಒಬ್ಬರೇ ಮಾಷ್ಟ್ರು. ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್, ಓಟ ಎಲ್ಲವೂ ಅವರ ತಲೆಯ ಮೇಲೆ. ಬಾಸ್ಕೆಟ್‌ಬಾಲಿಗೆ ಅವರು ಕೊಡಬಲ್ಲದ್ದು ಅಳಿದುಳಿದ ಹೊತ್ತು. ಆ ಹೊತ್ತನ್ನು ವಹಿಸಿಕೊಳ್ಳುವವರಿಗೆ ಜಾಗವಿದೆ. ನಾನು ಒಳಗೆ ಬಂದದ್ದು ಹಾಗೆಯೇ. ಕೆಲಸ ಮೊದಲು ಶುರುವಾಯಿತು, ಹೆಸರು ಆಮೇಲೆ ಬಂತು.

ನೀವು ಆಡಿದ ಕಾಲೇಜಿಗೇ ಮೊದಲು ಹೋಗಿ. ಸಂಬಳದ ಮಾತನ್ನು ಆ ದಿನ ಎತ್ತಬೇಡಿ, ಅಭ್ಯಾಸ ಎಷ್ಟು ಹೊತ್ತಿಗೆ ಎಂದು ಕೇಳಿ. ಮಳೆಗಾಲ ಕಳೆದ ಮೇಲೆ ಹೋದರೆ ಕೆಲಸ ಕಣ್ಣೆದುರೇ ಇರುತ್ತದೆ: ಹೊರಾಂಗಣದ ಕಾಂಕ್ರೀಟ್ ಕೋರ್ಟಿನ ತುಂಬ ಹಾವಸೆ. ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ತಿಕ್ಕದೆ ಯಾರನ್ನೂ ಓಡಿಸಬಾರದು. ಜಾರಿ ಮಂಡಿ ತಿರುಚಿಕೊಂಡವಳಿಗೆ ಆ ವರ್ಷದ ಆಟ ಮುಗಿಯಿತೆಂದೇ ಲೆಕ್ಕ.

ಎರಡನೆಯ ಪಾಠ ಬಸ್ಸಿನದು. ನಮ್ಮ ಹುಡುಗಿಯರು ಪೆರ್ಲ, ಮುಳ್ಳೇರಿಯ, ಬದಿಯಡ್ಕದಿಂದ ಬರುವವರು. ಯಾರಿಗೆ ಯಾವ ಬಸ್ಸು ಕೊನೆಯದು ಎಂಬುದು ನಿಮಗೆ ಬಾಯಿಪಾಠ ಇರಬೇಕು. ಅಭ್ಯಾಸದ ಕ್ರಮವನ್ನು ಆ ಪಟ್ಟಿ ನೋಡಿಯೇ ಹಾಕಿ. ದೂರದವರು ಇರುವಾಗಲೇ ಐವರು ಸೇರಿ ಆಡುವ ಅಭ್ಯಾಸ ಮುಗಿಸಿ. ಫ್ರೀ ಥ್ರೋ (ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತ), ಲೇ-ಅಪ್ (ಓಡಿಬಂದು ಬುಟ್ಟಿಯ ಹತ್ತಿರದಿಂದ ಹಾಕುವ ಎಸೆತ) ಮೊದಲಾದ ಒಬ್ಬೊಬ್ಬರೇ ಮಾಡಬಹುದಾದದ್ದನ್ನು ಹತ್ತಿರದವರಿಗೆ ಕೊನೆಗೆ ಇಟ್ಟುಕೊಳ್ಳಿ. ಮನೆಯವರ ಫೋನ್ ಸಂಖ್ಯೆಗಳೂ ನಿಮ್ಮ ಹತ್ತಿರ ಇರಲಿ. ಪಂದ್ಯ ತಡವಾದ ದಿನ ಒಬ್ಬಳ ತಾಯಿಗೆ ನೀವೇ ಕರೆ ಮಾಡಿ ಹೇಳಿದರೆ ಮುಂದಿನ ಪಂದ್ಯಕ್ಕೂ ಅವಳನ್ನು ಕಳುಹಿಸುತ್ತಾರೆ. ಒಳ್ಳೆಯ ಆಟಗಾರ್ತಿ ತಂಡ ಬಿಡುವುದನ್ನು ತಡೆಯಲು ಇಷ್ಟು ಸಾಕಾದದ್ದನ್ನು ನಾನು ಕಂಡಿದ್ದೇನೆ. ತಂತ್ರದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ.

ಪಂದ್ಯಕ್ಕೆ ಹೋದಾಗ ಒಂದು ನೋಟ್‌ಬುಕ್ ಇರಲಿ. ಪುಟಕ್ಕೊಂದು ಅರ್ಧ ಕೋರ್ಟಿನ ಚಿತ್ರ ಬರೆದು, ಚೆಂಡು ಎಸೆದ ಜಾಗದಲ್ಲಿ ಬುಟ್ಟಿಗೆ ಬಿದ್ದರೆ ಸೊನ್ನೆ, ತಪ್ಪಿದರೆ ಗೀಟು ಹಾಕಿ. ಅಂಕ ಹೇಗೂ ಸ್ಕೋರ್‌ಶೀಟಿನಲ್ಲಿ ಇರುತ್ತದೆ. ಅದರಲ್ಲಿ ಇಲ್ಲದ್ದನ್ನು ನೀವು ಬರೆಯಬೇಕು: ಚೆಂಡು ಯಾರ ಕೈಯಿಂದ ಎಲ್ಲಿ ತಪ್ಪಿತು, ಎದುರಾಳಿ ಗಾರ್ಡ್ (ಚೆಂಡನ್ನು ಮುಂದಕ್ಕೆ ತರುವವಳು) ಎಡಗೈಯಲ್ಲಿ ಚೆಂಡು ಪುಟಿಸುತ್ತ ಡ್ರಿಬಲ್ ಮಾಡಬಲ್ಲಳೇ, ನಮ್ಮಲ್ಲಿ ಯಾರು ಮೂರನೇ ಕ್ವಾರ್ಟರಿಗೆ (ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದಕ್ಕೆ) ರಕ್ಷಣೆಗೆ ಓಡಿಬರುವುದನ್ನು ನಿಲ್ಲಿಸುತ್ತಾರೆ. ಟೈಮ್‌ಔಟ್ ಒಂದೇ ನಿಮಿಷ. ಅಷ್ಟರಲ್ಲಿ ಮುಖ್ಯ ತರಬೇತುದಾರರ ಕಿವಿಗೆ ಎರಡು ಸಂಗತಿಗಿಂತ ಹೆಚ್ಚು ಹಾಕಬೇಡಿ. ಕ್ವಾರ್ಟರಿನಲ್ಲಿ ತಂಡದ ಫೌಲ್ ನಾಲ್ಕಾಗಿದ್ದರೆ ಅದು ಮೊದಲ ಸಂಗತಿ, ಏಕೆಂದರೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ.

ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮಗಳಲ್ಲಿ ನಿಮಗೆ ಸಂಬಂಧಿಸಿದ್ದನ್ನು ಗಟ್ಟಿ ಮಾಡಿಕೊಳ್ಳಿ. ಆಟಗಾರರ ಪಟ್ಟಿಯನ್ನು ಪಂದ್ಯಕ್ಕೆ 40 ನಿಮಿಷ ಮೊದಲೇ ಕೊಡಬೇಕು, 10 ನಿಮಿಷ ಮೊದಲು ಮೊದಲ ಐವರನ್ನು ಗುರುತಿಸಿ ಮುಖ್ಯ ತರಬೇತುದಾರರು ಸಹಿ ಹಾಕಬೇಕು. ಅದನ್ನು ನೆನಪಿಸುವುದು ನಿಮ್ಮ ಕೆಲಸ. ಟೈಮ್‌ಔಟನ್ನು ಮೊದಲ ಸಹಾಯಕರೂ ಕೇಳಬಹುದು. ಆದರೆ ಬೆಂಚಿನ ಬಳಿ ನಿಂತಿರಲು ಇಬ್ಬರಲ್ಲಿ ಒಬ್ಬರಿಗೇ ಅನುಮತಿ. ಅವರು ಎದ್ದರೆ ನೀವು ಕುಳಿತುಕೊಳ್ಳಿ. ರೆಫರಿಯೊಡನೆ ವಾದ ನಿಮ್ಮದಲ್ಲ. ಇಬ್ಬರೂ ಕೂಗುವ ಬೆಂಚನ್ನು ಕಂಡರೆ ನನಗೆ ಆ ಹುಡುಗಿಯರ ಬಗ್ಗೆ ಕನಿಕರವೇ ಆಗುತ್ತದೆ.

ಇನ್ನು ಕಾಗದಪತ್ರ. ಪದವಿಯ ಮೇಲೆ ಎರಡು ವರ್ಷದ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ), ಮತ್ತೆರಡು ವರ್ಷದ ಎಂ.ಪಿ.ಎಡ್. (ಅದರ ಸ್ನಾತಕೋತ್ತರ ಪದವಿ). ಎಂ.ಪಿ.ಎಡ್.ಗೆ ನಮ್ಮವರಿಗೆ ಹತ್ತಿರದ್ದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಅಥವಾ ಕಣ್ಣೂರು ವಿಶ್ವವಿದ್ಯಾಲಯದ ಮಾಂಙಾಟ್ಟುಪರಂಬ ಆವರಣ. ಕರ್ನಾಟಕದಲ್ಲಿ ಓದಿ ಕೇರಳದಲ್ಲಿ ಅರ್ಜಿ ಹಾಕುವುದಾದರೆ ನಿಮ್ಮ ಪದವಿ ಅಲ್ಲಿನದಕ್ಕೆ ಸಮ ಎಂಬ ತತ್ಸಮಾನ ಪ್ರಮಾಣಪತ್ರ ಕೇಳುತ್ತಾರೆ. ಅಂಕಪಟ್ಟಿ ಕೈಗೆ ಬಂದ ಕೂಡಲೇ ಅದಕ್ಕೆ ಬರೆದುಕೊಳ್ಳಿ, ಸಂದರ್ಶನದ ವಾರದಲ್ಲಿ ಓಡಾಡಬೇಡಿ. ತರಬೇತಿಯನ್ನೇ ಕಲಿಯಲು ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಇದೆ. ಮನೆ ಬಿಟ್ಟು ಬಹಳ ಕಾಲ ಇರಲಾಗದವರಿಗೆ ಅವರದೇ ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಫೀಬಾದ ಮೊದಲ ಹಂತದ ತರಬೇತುದಾರರ ಕೋರ್ಸನ್ನೂ ಮಾಡಿಕೊಳ್ಳಿ.

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ದರ್ಜೆಯ ಕಾಲೇಜು ಕೆಲಸ ಬೇಕೆಂದರೆ ಸ್ನಾತಕೋತ್ತರದಲ್ಲಿ 55 ಶೇಕಡ ಅಂಕ, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಆಡಿದ ದಾಖಲೆ ಮತ್ತು ದೇಹದಾರ್ಢ್ಯ ಪರೀಕ್ಷೆ. 30 ವಯಸ್ಸಿನವರೆಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು. ನೆಟ್‌ಗೆ ಓದುತ್ತ ಕುಳಿತು ಹೊಟ್ಟೆ ಬೆಳೆಸಿಕೊಂಡವರು ಇಲ್ಲಿ ಏದುಸಿರು ಬಿಡುತ್ತಾರೆ.

ಹಣದ ವಿಷಯ ಮುಚ್ಚಿಡುವುದಿಲ್ಲ. ಗೌರವಧನ ಎಂಬುದು ಹೆಸರಿಗೆ ತಕ್ಕಂತೆ ಗೌರವಕ್ಕಷ್ಟೇ. ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರ, ಬೆಳಗ್ಗೆ ಒಂದು ಶಾಲೆಯ ತಂಡ, ರಜಾದಿನ ರೆಫರಿ ಕೆಲಸ ಎಂದು ಕೂಡಿಸಿಕೊಂಡರೆ ತಿಂಗಳು ಸಾಗುತ್ತದೆ. ಇವುಗಳಲ್ಲಿ ರೆಫರಿ ಕೆಲಸವನ್ನು ಬಿಡಲೇಬೇಡಿ. ಹಣದ ಜೊತೆಗೆ ಸುತ್ತಲಿನ ತಂಡಗಳೆಲ್ಲವನ್ನೂ ಹತ್ತಿರದಿಂದ ನೋಡಿದಂತಾಗುತ್ತದೆ.

“ಮುಖ್ಯ ತರಬೇತುದಾರಳಾಗುವುದು ಯಾವಾಗ?” ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಕಾಲೇಜು ಬಾಸ್ಕೆಟ್‌ಬಾಲಿಗೆ ಲಕ್ಷಗಟ್ಟಲೆ ಡಾಲರ್ ಸುರಿಯುವ ಅಮೆರಿಕದಲ್ಲೇ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಬಿಲ್ ಗುತ್ರಿಜ್ 30 ವರ್ಷ ಮುಖ್ಯ ತರಬೇತುದಾರ ಡೀನ್ ಸ್ಮಿತ್ ಅವರ ಸಹಾಯಕರಾಗಿದ್ದರು. 1997ರಲ್ಲಿ ಸ್ಮಿತ್ ಅವರ ಸ್ಥಾನಕ್ಕೆ ಬಂದು, ಮೂರೇ ಋತುಗಳಲ್ಲಿ ತಂಡವನ್ನು ಎರಡು ಸಲ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರೊಳಗೆ ತಂದರು. ನೆಂಟರಿಗೆ ನಾನು ಇಷ್ಟೇ ಹೇಳಿ ಚಹಾ ಕೊಡುತ್ತೇನೆ.

ಪ್ರತಿ ವರ್ಷದ ಕೊನೆಗೆ, ತಪ್ಪದೆ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊಳ್ಳಿ. ಯಾವ ತಂಡ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಟೂರ್ನಿ ಎಂಬುದೆಲ್ಲ ಅದರಲ್ಲಿ ಇರಲಿ. ಪ್ರಾಂಶುಪಾಲರು ನಿವೃತ್ತರಾಗುವ ಮೊದಲೇ ಸಹಿ, ಮೊಹರು ಎರಡೂ ಬೀಳಲಿ. ಹೊಸಬರು ಬಂದ ಮೇಲೆ ನೀವು ಯಾರೆಂಬುದನ್ನು ಮೊದಲಿನಿಂದ ಹೇಳಬೇಕಾಗುತ್ತದೆ.