ಆನ್‌ಲೈನ್‌ನಲ್ಲಿ ತರಿಸಿದ ಬಿಡಿಭಾಗವನ್ನು ಗಾಡಿಗೆ ಹಾಕುವ ಮುನ್ನ

ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಆಸುಪಾಸಿನಲ್ಲಿ ದ್ವಿಚಕ್ರ ವಾಹನಗಳ ರಿಪೇರಿ ಗ್ಯಾರೇಜ್ ನಡೆಸುವ ನನ್ನ ಬಳಿಗೆ ಈಚೆಗೆ ಬರುವ ಗಿರಾಕಿಗಳಲ್ಲಿ ಅನೇಕರು ಗಾಡಿಯ ಜೊತೆಗೆ ಒಂದು ರಟ್ಟಿನ ಡಬ್ಬವನ್ನೂ ತರುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಬ್ರೇಕ್ ಪ್ಯಾಡೋ, ಚೈನ್ ಸ್ಪ್ರಾಕೆಟ್ ಸೆಟ್ಟೋ, ಎಲ್‌ಇಡಿ ಬಲ್ಬೋ ಅದರೊಳಗಿರುತ್ತದೆ; ಕೂಲಿ ಕೊಡುತ್ತೇವೆ, ಇದನ್ನು ಹಾಕಿಕೊಟ್ಟರೆ ಸಾಕು ಎಂಬುದು ಅವರ ಕೋರಿಕೆ. ಬಿಡಿಭಾಗದ ಮೇಲೆ ಸಿಗಬೇಕಾದ ಲಾಭ ಕೈತಪ್ಪಿತೆಂಬ ಹೊಟ್ಟೆಕಿಚ್ಚಿನಿಂದ ಇದನ್ನು ಬರೆಯುತ್ತಿದ್ದೇನೆಂದು ಯಾರಾದರೂ ಭಾವಿಸಿದರೆ, ಅದರಲ್ಲಿ ಸ್ವಲ್ಪ ಸತ್ಯವಿದೆಯೆಂದು ಹೇಳಿಯೇ ಮುಂದುವರಿಯುತ್ತೇನೆ.

ಗಾಡಿಗೆ ಕೂರದ ಬಿಡಿಭಾಗದಿಂದ ಯಾರಿಗೂ ಅಪಾಯವಿಲ್ಲ, ಅದು ಹಿಂದಕ್ಕೆ ಹೋಗುತ್ತದೆ ಅಷ್ಟೆ. ತೊಂದರೆ ಕೊಡುವುದು ಸರಿಯಾಗಿ ಕೂರುವ ಅಗ್ಗದ ಮಾಲು. ಸಣ್ಣ ಬೈಕುಗಳ ಚಕ್ರದಲ್ಲಿ ಸಾಮಾನ್ಯವಾಗಿರುವ 6301 ಸಂಖ್ಯೆಯ ಬೇರಿಂಗನ್ನೇ ನೋಡಿ: ಒಳವ್ಯಾಸ 12 ಮಿಲಿಮೀಟರ್, ಹೊರವ್ಯಾಸ 37, ದಪ್ಪ 12. ನಕಲಿ ಮಾಲಿನಲ್ಲಿಯೂ ಈ ಅಳತೆಗಳು ತಪ್ಪಿರುವುದಿಲ್ಲ, ಏಕೆಂದರೆ ಅಳತೆಯನ್ನು ನಕಲು ಮಾಡುವುದು ಸುಲಭ. ಉಕ್ಕಿನ ಗುಣ, ಅದನ್ನು ಕಾಯಿಸಿ ಗಟ್ಟಿಗೊಳಿಸುವ ಕ್ರಮ, ಒಳಗಿನ ಗ್ರೀಸ್, ಇವುಗಳಿಗೆ ಹಣ ಖರ್ಚಾಗುತ್ತದೆ, ಅಗ್ಗದ ತಯಾರಕ ಉಳಿಸುವುದು ಇವುಗಳಲ್ಲಿಯೇ. ಆದ್ದರಿಂದ ಹೊರಗಿನಿಂದ ಬಂದ ಯಾವ ಭಾಗವನ್ನೂ ಮೇಜಿನ ಮೇಲಿಟ್ಟು ಪರೀಕ್ಷಿಸದೆ ಹಾಕಬಾರದೆಂದು ನಾನೂ ನನ್ನ ಹುಡುಗರೂ ನಿಯಮ ಮಾಡಿಕೊಂಡಿದ್ದೇವೆ.

ಡಿಸ್ಕ್ ಬ್ರೇಕಿನ ಪ್ಯಾಡ್‌ಗಳ ವಿಷಯದಲ್ಲಿ ಈ ಪರೀಕ್ಷೆಗೆ ಹೆಚ್ಚು ಸಮಯ ಕೊಡುತ್ತೇನೆ. ಮೊದಲು ಉಕ್ಕಿನ ತಗಡಿನ ಅಂಚಿಗೆ ಉಗುರು ಎಳೆಯುತ್ತೇನೆ. ಅಚ್ಚಿನಿಂದ ಕತ್ತರಿಸಿದ ಜಾಗದಲ್ಲಿ ಚೂಪಾದ ಏಣು ಉಳಿದಿದ್ದರೆ ತಯಾರಿಕೆಯಲ್ಲಿ ಅವಸರವಿತ್ತೆಂದು ಅರ್ಥ. ಆಮೇಲೆ ತಗಡಿಗೂ ಅದರ ಮೇಲೆ ಅಂಟಿಸಿದ ಘರ್ಷಣೆಯ ಪದರಕ್ಕೂ ನಡುವಿನ ಗೆರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಅಲ್ಲಿ ಕೂದಲೆಳೆಯಷ್ಟು ಸಂದು ಕಂಡರೂ ಆ ಪ್ಯಾಡ್ ನನ್ನ ಗ್ಯಾರೇಜಿನಲ್ಲಿ ಗಾಡಿಗೆ ಏರುವುದಿಲ್ಲ, ಏಕೆಂದರೆ ಆ ಪದರ ಕಳಚಿಕೊಂಡ ದಿನ ಡಿಸ್ಕನ್ನು ಹಿಡಿಯಲು ಬರಿಯ ಉಕ್ಕಿನ ತಗಡು ಮಾತ್ರ ಉಳಿಯುತ್ತದೆ. ಪದರದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಪುಡಿ ಉದುರಿದರೂ ಅದೇ ತೀರ್ಮಾನ. ಕೊನೆಗೆ, ಪ್ಯಾಡ್‌ಗಳನ್ನು ಹಿಡಿದಿಡುವ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ಪಿನ್ನಿಗೆ ಏರಿಸಿ ಹಿಂದೆ ಮುಂದೆ ಆಡಿಸುತ್ತೇನೆ. ಅದು ತಡೆಯಿಲ್ಲದೆ ಜಾರಬೇಕು. ಬಿಗಿಯಾಗಿದ್ದರೆ ಲಿವರ್ ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇದ್ದು ವೃಥಾ ಕಾಯಿಸುತ್ತದೆ. ಮಲ್ಲೇಶ್ವರದ ಟ್ರಾಫಿಕ್‌ನಲ್ಲಿ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡಾಡುವವರೆಗೆ ಕೆಟ್ಟ ಪ್ಯಾಡ್ ಒಳ್ಳೆಯದರ ಹಾಗೆಯೇ ಕೆಲಸ ಮಾಡುತ್ತದೆ. ಭಾನುವಾರ ಬೆಳಿಗ್ಗೆ 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಹಿಂದೊಬ್ಬರನ್ನು ಕೂರಿಸಿಕೊಂಡು ತಿರುವುಗಳಲ್ಲಿ ಇಳಿಯುವಾಗ ಬ್ರೇಕ್ ಒಂದೇ ಸಮನೆ ಕಾಯ್ದು, ಪದರವನ್ನು ಹಿಡಿದಿಟ್ಟ ರಾಳ ಸುಡಲಾರಂಭಿಸಿ, ಲಿವರ್ ಎಷ್ಟು ಒತ್ತಿದರೂ ಗಾಡಿ ನಿಲ್ಲಲು ಒಲ್ಲದಾಗಲೇ ವ್ಯತ್ಯಾಸ ಗೊತ್ತಾಗುವುದು. ಅಲ್ಲಿಂದ ಬಂದ ಗಾಡಿಗಳಲ್ಲಿ ಗಾಜಿನಂತೆ ಹೊಳಪೇರಿದ ಪ್ಯಾಡ್‌ಗಳನ್ನು ನಾನು ಬಿಚ್ಚಿದ್ದೇನೆ.

ಚೈನ್ ಸೆಟ್ಟಿನ ಪರೀಕ್ಷೆಗೆ ಬೇಕಾದದ್ದು ಒಂದು ಅರ ಮತ್ತು ಒಂದು ಅಳತೆಪಟ್ಟಿ. ಹದಗೊಳಿಸಿದ ಸ್ಪ್ರಾಕೆಟ್‌ನ ಹಲ್ಲಿನ ಮೇಲೆ ಅರ ಎಳೆದರೆ ಅದು ಜಾರುತ್ತದೆ. ಹದವಿಲ್ಲದ ಹಲ್ಲನ್ನು ಕಚ್ಚಿ ಹೊಳೆಯುವ ಗೆರೆ ಮಾಡುತ್ತದೆ. ಅಂಥ ಮೆತ್ತನೆಯ ಹಲ್ಲುಗಳು ಬೇಗನೆ ಒಂದೇ ಕಡೆಗೆ ಬಾಗಿ ಕೊಕ್ಕೆಯಾಗುತ್ತವೆ. 428 ಅಳತೆಯ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್, ಅಂದರೆ ಎಳೆದು ಹಿಡಿದಾಗ 20 ಕೊಂಡಿಗಳ ಉದ್ದ 254 ಮಿಲಿಮೀಟರ್ ಬರಬೇಕು. ಹೊಸ ಚೈನೇ ಇದಕ್ಕಿಂತ ಎದ್ದುಕಾಣುವಷ್ಟು ಉದ್ದವಿದ್ದರೆ ಪಿನ್ನುಗಳು ಹುಟ್ಟುತ್ತಲೇ ಸಡಿಲವಾಗಿವೆಯೆಂದು ತಿಳಿಯಬೇಕು. ಓಡುವಾಗ ತುಂಡಾದ ಚೈನ್ ರಸ್ತೆಗೆ ಬಿದ್ದರೆ ಪುಣ್ಯ. ಮುಂದಿನ ಸ್ಪ್ರಾಕೆಟ್ ಬಳಿ ಸುತ್ತಿಕೊಂಡರೆ ಎಂಜಿನ್ ಕೇಸನ್ನು ಒಡೆಯುತ್ತದೆ, ಇಲ್ಲವೇ ಹಿಂದಿನ ಚಕ್ರವನ್ನು ಕಟ್ಟಿಹಾಕುತ್ತದೆ. ಲಾಕ್ ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕೆಂಬುದನ್ನೂ, ಮನೆಯಲ್ಲಿಯೇ ಹಾಕಿಕೊಳ್ಳುವವರಿಗಾಗಿ, ಇಲ್ಲಿಯೇ ಹೇಳಿಬಿಡುತ್ತೇನೆ.

ನಮ್ಮ ಊರಿನ ಹಳಬರು ಈಗಲೂ ‘ಮೈಕೋ ಪ್ಲಗ್’ ಎಂದೇ ಕೇಳುತ್ತಾರೆ, ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ. ಸ್ಪಾರ್ಕ್ ಪ್ಲಗ್ಗಿನ ಸಂಕೇತದಲ್ಲಿ ಆರ್ ಅಕ್ಷರವಿರುವ ಎನ್‌ಜಿಕೆ ಕಂಪನಿಯ ಮಾದರಿಗಳ ಒಳಗೆ ವಿದ್ಯುತ್ ಗದ್ದಲವನ್ನು ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೇಲಿನ ತುದಿಗೂ ಇನ್ನೊಂದನ್ನು ನಡುವಿನ ಎಲೆಕ್ಟ್ರೋಡಿಗೂ ತಾಗಿಸಿದರೆ ಸುಮಾರು 5 ಕಿಲೋಓಮ್ ತೋರಿಸಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಡಬ್ಬದ ಮೇಲಿನ ಅಕ್ಷರ ಸುಳ್ಳು. ಹಳೆಯ ಕಾರ್ಬ್ಯುರೇಟರ್ ಗಾಡಿ ಅದನ್ನು ಸಹಿಸಿಕೊಳ್ಳಬಹುದು, ಆದರೆ 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಎಂಜಿನ್ನನ್ನು ನಡೆಸುವುದೇ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಆದ್ದರಿಂದ, ಪ್ಲಗ್ಗಿನಿಂದ ಹೊಮ್ಮುವ ವಿದ್ಯುತ್ ಗದ್ದಲ ಅದರ ಸಂವೇದಕಗಳನ್ನು ಗೊಂದಲಕ್ಕೀಡು ಮಾಡಬಹುದು.

ಹೆಡ್‌ಲೈಟಿಗೆ ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿಸುವ ಹುಚ್ಚು ಬೇರೆಯೇ ಬಗೆಯದು. 35 ವ್ಯಾಟ್‌ಗೆಂದು ಎಳೆದ ತಂತಿಯಲ್ಲಿ ಅದರ ಎರಡುಪಟ್ಟು ವಿದ್ಯುತ್ ಹರಿಸಿದರೆ ಮೊದಲು ತಂತಿಗಳನ್ನು ಜೋಡಿಸುವ ಕಪ್ಲರ್ ಕರಗುತ್ತದೆ, ಆಮೇಲೆ ಒಳಗಿನ ಪ್ರತಿಫಲಕ ಮಂಕಾಗುತ್ತದೆ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಎಂಜಿನ್ ಚಾಲನೆಯಲ್ಲಿರುವಷ್ಟು ಹೊತ್ತೂ ದೀಪ ಉರಿಯುವುದರಿಂದ ಹಗಲಿನಲ್ಲಿಯೂ ತಂತಿಗೆ ಬಿಡುವಿಲ್ಲ. ಅಗ್ಗದ ಎಲ್‌ಇಡಿಗಳಲ್ಲಿ ಬೆಳಕು ಹುಟ್ಟುವ ಬಿಂದು ಮೂಲ ಬಲ್ಬಿನ ತಂತುವಿದ್ದ ಜಾಗಕ್ಕೆ ಸರಿಹೊಂದದೆ, ರಸ್ತೆಗೆ ಬೀಳಬೇಕಾದ ಬೆಳಕು ಎದುರು ಬರುವವರ ಕಣ್ಣಿಗೆ ಬೀಳುತ್ತದೆ. ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ನಿಯಮಬಾಹಿರವಾಗಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ಅದು ಮಾಲೀಕನ ತಲೆಗೇ ಬರುತ್ತದೆ, ಮಾರಿದವನು ಎಲ್ಲಿಯೋ ಇರುತ್ತಾನೆ.

ಅಗ್ಗದ್ದೆಲ್ಲವನ್ನೂ ನಾನು ದೂರವಿಡುವುದಿಲ್ಲ. ಸೀಟ್ ಕವರ್, ಗ್ರಿಪ್, ಟ್ಯಾಂಕ್ ಪ್ಯಾಡ್, ಮೊಬೈಲ್ ಹೋಲ್ಡರ್ ಇವುಗಳನ್ನು ಎಲ್ಲಿಂದ ತಂದರೂ ಕಣ್ಣುಮುಚ್ಚಿ ಹಾಕುತ್ತೇನೆ. ಕೆಟ್ಟರೆ ಕೆಡಲಿ, ಗಾಡಿ ನಿಲ್ಲುವುದಕ್ಕೂ ತಿರುಗುವುದಕ್ಕೂ ಅದರಿಂದ ಬಾಧೆಯಿಲ್ಲ. ಉಳಿದದ್ದನ್ನು ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಜೆ.ಸಿ. ರಸ್ತೆಗೆ ಹೋಗಿ ತರುತ್ತೇನೆ. ಜೆ.ಸಿ. ರಸ್ತೆಯಲ್ಲಿಯೂ ಡೂಪ್ಲಿಕೇಟ್ ಮಾಲಿಗೆ ಬರವಿಲ್ಲ, ಆದರೆ ಅಲ್ಲಿ ಜಿಎಸ್‌ಟಿ ಬಿಲ್ ಕೊಟ್ಟ ಅಂಗಡಿಯವರು ಮರುದಿನವೂ ಅದೇ ಗಲ್ಲಾದ ಹಿಂದೆ ಕುಳಿತಿರುತ್ತಾರೆ. ಆನ್‌ಲೈನ್‌ನಲ್ಲಿಯೇ ತರಿಸಬೇಕೆಂದರೆ ಚಿತ್ರಕ್ಕಿಂತ ಮೊದಲು ಮಾರಾಟಗಾರನ ಹೆಸರನ್ನೂ ಕಂಪನಿಯ ಪಾರ್ಟ್ ನಂಬರನ್ನೂ ನೋಡಬೇಕು; ಡಬ್ಬದ ಮೇಲೆ ತಯಾರಕನ ಅಥವಾ ಆಮದುದಾರನ ವಿಳಾಸ, ತಯಾರಾದ ತಿಂಗಳು, ಎಂಆರ್‌ಪಿ ಮುದ್ರಿಸಿರಬೇಕು. ಕಂಪನಿಯ ಬ್ರೇಕ್ ಪ್ಯಾಡ್ ಅರ್ಧ ಬೆಲೆಗೆ ಸಿಗುತ್ತಿದೆಯೆಂದರೆ ನನಗೆ ಅನುಮಾನ ಬರುತ್ತದೆ, ಏಕೆಂದರೆ ಅಸಲಿ ಮಾಲಿನಲ್ಲಿ ಅಷ್ಟೊಂದು ಬಿಟ್ಟುಕೊಡುವಷ್ಟು ಲಾಭ ನಮ್ಮಂಥವರಿಗೆ ಎಂದೂ ಸಿಕ್ಕಿಲ್ಲ. ಹೊಲೊಗ್ರಾಮ್ ಇದೆಯಲ್ಲ ಎನ್ನುವವರಿಗೆ, ಪ್ಯಾಡನ್ನೇ ನಕಲು ಮಾಡಿದವರಿಗೆ ಸ್ಟಿಕ್ಕರ್ ದೊಡ್ಡ ಕಷ್ಟವಲ್ಲ ಎನ್ನುತ್ತೇನೆ.

“ಅಣ್ಣಾ, ಹಾಕ್ಬಿಡಿ, ನನ್ನ ರಿಸ್ಕು” ಎಂದು ಪಟ್ಟು ಹಿಡಿಯುವ ಹುಡುಗರೂ ಇದ್ದಾರೆ. “ಬ್ರೇಕ್ ಒಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಸಾರ್” ಎಂದು ಡಬ್ಬವನ್ನು ಹಿಂದಕ್ಕೆ ಕೊಡುತ್ತೇನೆ. ಎದುರಿನ ಸ್ಕೂಟರಿನವರ ರಿಸ್ಕನ್ನು ಈ ಹುಡುಗರು ಒಪ್ಪಿಕೊಳ್ಳಲಾಗುವುದಿಲ್ಲ. ಕೆಲವರು ಬೇರೆ ಗ್ಯಾರೇಜಿಗೆ ಹೋಗುತ್ತಾರೆ, ಹೋಗಲಿ.

ಡಬ್ಬ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು, ಬಿಲ್ಲನ್ನು ಉಳಿಸಿಕೊಳ್ಳುವುದು, ಮಾರಾಟಗಾರ ಹಣ ಹಿಂದಿರುಗಿಸಲು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು, ಇಷ್ಟನ್ನು ನಾನು ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ. ಒಮ್ಮೆ ಗ್ರೀಸ್ ತಾಗಿದ, ಸ್ಪ್ಯಾನರಿನ ಗುರುತು ಬಿದ್ದ ಮಾಲನ್ನು ವಾಪಸು ಪಡೆಯಲು ಮಾರಾಟಗಾರರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದ್ದರಿಂದ ವಾಪಸಾತಿಯ ಗಡುವು ಮುಗಿಯುವ ಮೊದಲೇ ತಂದು ತೋರಿಸಿದರೆ ಅರ, ವರ್ನಿಯರ್, ಮಲ್ಟಿಮೀಟರ್ ಮೂರನ್ನೂ ಹಚ್ಚಿ ನೋಡಿ ಹೇಳುತ್ತೇನೆ; ಆ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.