ಸಿರೋಸಿಸ್ ರೋಗಿ ಮನೆಯಲ್ಲಿದ್ದಾಗ: ಆ ಸಿಹಿ ಸಿರಪ್ ನಿಲ್ಲಿಸಬೇಡಿ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾವ ಎರಡು ವರ್ಷ ಇದ್ದರು. ಹೋಟೆಲ್ ಕೆಲಸ, ರಾತ್ರಿ ಪಾಳಿ, ವರ್ಷಗಟ್ಟಲೆ ಕುಡಿತ. ಕೊನೆಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ರೋಗ. ಅವರನ್ನು ನೋಡಿಕೊಳ್ಳುವಾಗ ನಾನು ಮಾಡಿದ ತಪ್ಪನ್ನೇ ಇಲ್ಲಿನ ನಮ್ಮ ಊರವರ ಮನೆಗಳಲ್ಲೂ ಕಾಣುತ್ತಿದ್ದೇನೆ. ಅದಕ್ಕೇ ಈ ಬರಹ.

ಮೊದಲು, ಕುಡಿತ ಪೂರ್ತಿ ನಿಲ್ಲಬೇಕು. ಬಿಯರ್ ಕೂಡ ಬೇಡ. ಆದರೆ ದಿನಾ ಕುಡಿಯುತ್ತಿದ್ದವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ. ಒಂದೆರಡು ದಿನದಲ್ಲೇ ಕೈನಡುಕ, ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲೇ ಬಿಡಿಸಿ.

ಆಮೇಲೆ ಲ್ಯಾಕ್ಟುಲೋಸ್ ಸಿರಪ್. ಎಲ್ಲರೂ ಎಡವುವುದು ಇಲ್ಲೇ. ಮಲಬದ್ಧತೆಯ ಔಷಧಿ ಅಂದುಕೊಂಡು, "ಹೊಟ್ಟೆ ಸರಿಯಾಗಿ ಹೋಗ್ತಿದೆಯಲ್ಲ, ಇನ್ನು ಯಾಕೆ?" ಅಂತ ನಿಲ್ಲಿಸಿಬಿಡುತ್ತಾರೆ. ಕರುಳಲ್ಲಿ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ತೆಗೆದುಹಾಕಲಾರದು. ಅದು ರಕ್ತ ಸೇರಿ ಮಿದುಳಿಗೆ ಮಂಕು ಕವಿಸುತ್ತದೆ. ಸಿರಪ್ ಅದನ್ನು ಮಲದ ಜೊತೆ ಹೊರಗೆ ಹಾಕುತ್ತದೆ. ದಿನಕ್ಕೆ 2ರಿಂದ 3 ಸಲ ಮೆತ್ತಗೆ ಹೋಗಬೇಕು, ಅದೇ ಅಳತೆ. ಒಂದೇ ಸಲ ಆದರೆ ಸಾಲದು. ನಾಲ್ಕೈದು ಸಲ ನೀರಾಗಿ ಹೋದರೂ ಕೆಟ್ಟದ್ದೇ, ಮೈಯ ನೀರು ಇಳಿದು ಮತ್ತೆ ಮಂಪರು ಬರುತ್ತದೆ. ಎರಡೂ ಸಂದರ್ಭದಲ್ಲಿ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿ. ಹೊಟ್ಟೆಯುಬ್ಬರ, ಗ್ಯಾಸ್ ಇದ್ದದ್ದೇ. ಸಿಹಿ ಹಿಡಿಸದಿದ್ದರೆ ನಿಂಬೆ ನೀರಲ್ಲಿ ಕಲಸಿ ಕೊಡಿ.

ಮಿದುಳಿಗೆ ಮಂಕು ಕವಿದರೆ ಕೈಬರಹದಲ್ಲಿ ಗೊತ್ತಾಗುತ್ತದೆ ಅಂತ ಭಾವನಿಂದ ದಿನಾ ಬೆಳಿಗ್ಗೆ ಹಾಲಿನ ಲೆಕ್ಕದ ಪುಸ್ತಕದಲ್ಲಿ ಒಂದು ಸಹಿ ಹಾಕಿಸುತ್ತಿದ್ದೆ. ಒಮ್ಮೆ ರೈಲಲ್ಲಿ ಉಡುಪಿಗೆ ಹೊರಟಾಗ, ದಾರಿಯಲ್ಲಿ ಕಷ್ಟ ಅಂತ ಎರಡು ದಿನ ಸಿರಪ್ ತಪ್ಪಿಸಿದೆವು. ಊರು ಮುಟ್ಟಿದ ಮಾರನೆ ದಿನ ಸಹಿಯ ಕೊನೆಯ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು. ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಕೈ ಚಾಚಿ ಅಂದರೆ ಅಂಗೈ ರೆಕ್ಕೆಯ ಹಾಗೆ ಬಡಿಯುತ್ತಿತ್ತು. ಇದು ಕಂಡ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಲೋಕಲ್‌ನಲ್ಲಿ ಕೆಲಸಕ್ಕೆ ಹೋಗುವವರೂ ಬೆಳಗಿನ ಡೋಸ್ ಹಾರಿಸುತ್ತಾರೆ. ಅದರ ಬದಲು ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಿ.

ಉಪ್ಪು: ಅಡುಗೆಯದೂ ಸೇರಿ ದಿನಕ್ಕೆ ಒಂದು ಟೀ ಚಮಚದ ಒಳಗೆ. ಗಂಜಿ ಒಳ್ಳೆಯದೇ, ಪಕ್ಕದ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಫರಸಾಣವೂ (ಇಲ್ಲಿನ ಖಾರದ ಕುರುಕಲು) ಬೇಡ. 'ಲೋ ಸೋಡಿಯಂ' ಉಪ್ಪನ್ನಂತೂ ತರಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೊಟ್ಟೆ, ಕಾಲಲ್ಲಿ ತುಂಬುವ ನೀರನ್ನು ಇಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯ ಜೊತೆ ಅದು ಸೇರಿದರೆ ಹೃದಯಕ್ಕೇ ಅಪಾಯ. ಬೇಳೆ, ಮೊಟ್ಟೆ, ಮೊಸರು ಮಾತ್ರ ಕಡಿಮೆ ಮಾಡಬೇಡಿ, ಇಂಥವರ ಮಾಂಸಖಂಡ ಬೇಗ ಕರಗುತ್ತದೆ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಿಸಿ.

ಆ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯಿಂದ ಗಂಡಸರಿಗೂ ಎದೆ ಉಬ್ಬಿ ನೋಯಬಹುದು. ಭಾವ ನಾಚಿಕೆಯಿಂದ ಒಂದು ತಿಂಗಳು ಬಾಯಿಬಿಡಲಿಲ್ಲ. ಹೇಳಿದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ, ಅಷ್ಟೇ. ಮೈಯಲ್ಲಿ ನೀರು ಏರಿತೋ ಇಳಿಯಿತೋ ಗೊತ್ತಾಗಲು ದಿನಾ ಬೆಳಿಗ್ಗೆ ತೂಕ ನೋಡಿ ಅದೇ ಪುಸ್ತಕದಲ್ಲಿ ಬರೆದಿಡಿ.

ಲಿವರ್ ಟಾನಿಕ್, ಡಿಟಾಕ್ಸ್ ಪುಡಿಗೆ ದುಡ್ಡು ಸುರಿಯಬೇಡಿ. ಅಮೃತಬಳ್ಳಿ ಕಷಾಯದಿಂದ ಏನೂ ತೊಂದರೆ ಆಗಲ್ಲ ಅನ್ನುವವರಿದ್ದಾರೆ. ಆದರೆ 2020ರಲ್ಲಿ ಮುಂಬೈನಲ್ಲೇ ಅದನ್ನು ತೆಗೆದುಕೊಂಡು ಲಿವರ್‌ಗೆ ಪೆಟ್ಟಾದವರನ್ನು ಡಾಕ್ಟರುಗಳು ಕಂಡು ವರದಿ ಮಾಡಿದ್ದಾರೆ. ಮೈಕೈ ನೋವಿಗೆ ಸುಮ್ನೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಬೇಡಿ, ಕಿಡ್ನಿ ಕೈಕೊಡುತ್ತದೆ.

ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಜ್ವರದ ಜೊತೆ ಹೊಟ್ಟೆನೋವು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ. ಹೊರಡುವಾಗ ಆ ಸಹಿ, ತೂಕದ ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಳ್ಳಿ.